ದೋಟಿ ಹಿಡಿದವರಿಗೆ ಯಾರು ಹೇಳುತ್ತಾರೆ?

ಬೆಳಿಗ್ಗೆ ಹಳಿ ಪಕ್ಕ ನಡೆದು ಬಂದವನು ಕಾಫಿಯನ್ನೂ ಕುಡಿಯದೆ ಬರೆಯಲು ಕೂತಿದ್ದೇನೆ. ಸಾಗರದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಗೆ ಕರೆಂಟು ತಂತಿ ಎಳೆಯುವ ಕೆಲಸ ನಮ್ಮ ಅಡಿಕೆ ತೋಟದ ಬೇಲಿವರೆಗೆ ಬಂದಿದೆ. ಇಲ್ಲಿ ನಾನು ಹಾಕುವ ಫೋಟೋ ನೋಡಿದವರಿಗೆ ಗೊತ್ತು, ಮೊದಲ ಕಂಬದ ಗುಂಡಿ ತೋಡಿದ ದಿನದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ.

ಇವತ್ತು ಟವರ್ ವ್ಯಾಗನ್, ಅಂದರೆ ತಂತಿ ಕೆಲಸಕ್ಕೆ ಹಳಿ ಮೇಲೆ ಓಡುವ ಗಾಡಿ, ನಿಂತಿತ್ತು. ಅದರ ಮೇಲೆ ನಿಂತ ಹುಡುಗರು ಮೇಲಿನ ತಂತಿಗೆ ಕೆಳಗಿನ ತಂತಿಯನ್ನು ತೂಗುಹಾಕುತ್ತಿದ್ದರು. ಎಷ್ಟು ಚೆಂದದ ಕೆಲಸ ಅದು! ಕೆಳಗಿನ ತಂತಿ ಹಳಿಯ ನಡುವಿಗೆ ನೆಟ್ಟಗೆ ಹೋಗುವುದಿಲ್ಲ. ಒಂದು ಕಂಬದಲ್ಲಿ ಗೇಣಷ್ಟು ಎಡಕ್ಕೆ, ಮುಂದಿನದರಲ್ಲಿ ಗೇಣಷ್ಟು ಬಲಕ್ಕೆ. ನೆಟ್ಟಗಿದ್ದರೆ ಇಂಜಿನ್ ತಲೆ ಮೇಲೆ ತಂತಿಯಿಂದ ಕರೆಂಟು ತೆಗೆದುಕೊಳ್ಳುವ ಪ್ಯಾಂಟೋಗ್ರಾಫ್ ಒಂದೇ ಕಡೆ ಉಜ್ಜಿ ಸವೆಯುತ್ತದೆ. ದೂರದಲ್ಲೊಂದು ಕಂಬಕ್ಕೆ ಕಬ್ಬಿಣದ ತೂಕದ ಬಿಲ್ಲೆಗಳನ್ನು ಪೇರಿಸಿ ನೇತುಹಾಕಿದ್ದಾರೆ. ಬಿಸಿಲಿಗೆ ತಂತಿ ಹಿಗ್ಗಿದರೆ ತೂಕ ಕೆಳಗಿಳಿದು ಅದರ ಬಿಗಿ ಕಾಯುತ್ತದೆ. ಮೀಟರ್ ಗೇಜಿನ ಕಾಲದಲ್ಲಿ ಇದೇ ದಾರಿಯ ರೈಲ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದವನು ನಾನು. ನಮ್ಮೂರಿಗೆ ಇಷ್ಟಾದರೂ ಬಂತಲ್ಲ ಅಂತ ಕಣ್ಣು ತುಂಬಿ ಬಂತು.

ಆಗಲೇ ಕಂಡಿದ್ದು. ಹಳಿಯ ಆಚೆ ಪಕ್ಕದ ತೋಟದಿಂದ ಒಬ್ಬರು ಅಡಿಕೆ ಕೊನೆ (ಗೊನೆ) ಕೊಯ್ಯುವ ಉದ್ದನೆಯ ಕೋಲನ್ನು, ಅಂದರೆ ದೋಟಿಯನ್ನು, ಅರ್ಧ ಬಿಚ್ಚಿ ನೆಟ್ಟಗೆ ಹಿಡಿದುಕೊಂಡು ಈಚೆ ದಾಟಿದರು. ತುದಿ ಕಂಬದ ತೋಳಿಗಿಂತ ಮೇಲಿತ್ತು.

ತಂತಿಗೆ ಇನ್ನೂ ಕರೆಂಟು ಬಿಟ್ಟಿಲ್ಲ, ಸರಿ. ಬಿಟ್ಟ ಮೇಲೆ? ಮನೆಗೆ ಬರುವುದು 230 ವೋಲ್ಟ್. ಊರಿನ ದೊಡ್ಡ ಲೈನು 11 ಸಾವಿರ. ಇದು 25 ಸಾವಿರ ವೋಲ್ಟ್, ಅದೂ ಹಳಿಯಿಂದ ಹದಿನೆಂಟು ಅಡಿ ಎತ್ತರದಲ್ಲಿ, ಮೈಮೇಲೆ ಯಾವ ಹೊದಿಕೆಯೂ ಇಲ್ಲದ ಬರೀ ತಾಮ್ರ. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. ಎರಡು ಮೀಟರ್ ಒಳಗೆ ಮನುಷ್ಯನೂ ಬರಬಾರದು, ಅವನ ಕೈಲಿರುವ ಸಾಮಾನೂ ಬರಬಾರದು ಅನ್ನುವುದು ರೈಲ್ವೆಯದೇ ನಿಯಮ. ನಮ್ಮ ದೋಟಿ ಪೂರ್ತಿ ಬಿಚ್ಚಿದರೆ ಅರವತ್ತು ಅಡಿ. ಅಲ್ಯೂಮಿನಿಯಂ ಅಪಾಯ ಅಂತ ಎಲ್ಲರಿಗೂ ಗೊತ್ತು, ಆದರೆ ಹತ್ತಾರು ಸಾವಿರ ಕೊಟ್ಟು ತಂದ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ ಅಂತ ಕೊನೆ ಕೊಯ್ಯುವ ಎಷ್ಟು ಕೊನೆಗೌಡರಿಗೆ ಗೊತ್ತಿದೆ? "ಇದು ಪ್ಲಾಸ್ಟಿಕ್ಕು ಮಾರಾಯ್ರೆ, ಎಂತದೂ ಆಗಲ್ಲ" ಅಂದರು ಆ ದಾಟಿ ಬಂದವರು. ಹತ್ತು ನಿಮಿಷ ನಿಲ್ಲಿಸಿಕೊಂಡು ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ರೈಲ್ವೆ ಗೇಟಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಎತ್ತರದ ಅಳತೆಯ ಕಮಾನು ಹಾಕುತ್ತಾರೆ, 4.67 ಮೀಟರ್. ಹುಲ್ಲು ಹೇರಿದ ಲಾರಿ ಅದಕ್ಕಿಂತ ಮೇಲಿದ್ದರೆ ಅಲ್ಲೇ ತಡೆಯುತ್ತದೆ. ಲಾರಿಗೆ ಅಷ್ಟು ಕಾಳಜಿ ಮಾಡಿದವರು ತೋಟದಿಂದ ತೋಟಕ್ಕೆ ದಾಟುವ ಕಾಲುದಾರಿಯ ಬಾಯಿಗೆ ಕನ್ನಡದಲ್ಲಿ ಒಂದು ತಗಡು ನೆಟ್ಟಿಲ್ಲ. ನಾನು ನಡೆದ ದಾರಿಯಲ್ಲಿ ಅಂಥ ನಾಲ್ಕು ಕಾಲುದಾರಿ ಎಣಿಸಿದೆ. ನಾಲ್ಕರಲ್ಲೂ ಇಲ್ಲ.

ಕರೆಂಟು ಬಿಡುವ ಮುಂಚೆ ಪೇಪರಿನಲ್ಲಿ ಪ್ರಕಟಣೆ ಕೊಡುತ್ತಾರಲ್ಲ ಅಂತ ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು. ಕೊಡುತ್ತಾರೆ. ಬೆಳಗಾಗುವ ಮೊದಲೇ ಗಂಜಿ ಕುಡಿದು ಕೊಯ್ಲಿಗೆ ಹೊರಡುವವರ ಮನೆಗೆ ಯಾವ ಪೇಪರ್ ಬರುತ್ತದೆ? ಹಳಿ ದಾಟುವುದೇ ಅಪರಾಧ, ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಇದೆ ಅಂದರು ಇನ್ನೊಬ್ಬರು. ಇದೆ, ಒಪ್ಪಿದೆ. ಆದರೆ ರೈಲು ದಾರಿ ತೋಟವನ್ನು ಎರಡು ಹೋಳು ಮಾಡಿಕೊಂಡೇ ಹೋಗಿದೆ, ಅಜ್ಜನ ಕಾಲದಿಂದ ಆಚೆ ಈಚೆ ಓಡಾಡಿಕೊಂಡೇ ಬದುಕಿದ್ದೇವೆ. ಇನ್ನು ಹಳಿಯನ್ನೇ ದಾಟದೆ ತನ್ನ ತೋಟದಲ್ಲೇ ನಿಂತವನ ಗತಿ ಏನು? ಬೇಲಿ ಪಕ್ಕದ ಮರದಿಂದ ಕೊನೆ ಇಳಿಸುವಾಗ ದೋಟಿ ಒಂದು ಸಲ ವಾಲಿದರೆ ಸಾಕು. ಅವನ ಮೇಲೆ ಯಾವ ಸೆಕ್ಷನ್ ಹಾಕುತ್ತೀರಿ?

ಇಷ್ಟು ಸಿಟ್ಟು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಆರು ವರ್ಷದ ಹಿಂದೆ ನಮ್ಮದೇ ತೋಟದಲ್ಲಿ ಅಲ್ಯೂಮಿನಿಯಂ ದೋಟಿ 11 ಸಾವಿರದ ಲೈನಿಗೆ ತಾಗಿತು. ಹಿಡಿದಿದ್ದವರ ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಆ ದೋಟಿ ತಂದುಕೊಟ್ಟಿದ್ದು ನಾನು. ಹಗುರ ಇದೆ, ಕೆಲಸ ಬೇಗ ಆಗುತ್ತದೆ ಅಂತ ಹೇಳಿ ಕೈಗೆ ಕೊಟ್ಟಿದ್ದೂ ನಾನೇ. ಲೈನಿನ ಬಗ್ಗೆ ಒಂದು ಮಾತು ಹೇಳಿರಲಿಲ್ಲ.

ಶರಾವತಿ ಸೀಮೆಯವರು ನಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ್ದು ನಮ್ಮವರ ಮನೆ, ಗದ್ದೆ. ಅಲ್ಲಿಂದ ಹುಟ್ಟಿದ 1035 ಮೆಗಾವ್ಯಾಟ್ ಕರೆಂಟು ನಾಡಿಗೆಲ್ಲ ಹೋಯಿತು, ಮುಳುಗಿ ಬಂದವರ ಎಷ್ಟೋ ಕೇರಿಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯಿತು. ಆಗಲೂ ನಮಗೆ ಕೂತು ಹೇಳಿದವರಿರಲಿಲ್ಲ. ಈಗ ತಂತಿ ಬಂದಿದೆ, ಬರಲಿ, ಎರಡು ಕೈಯಲ್ಲಿ ಸ್ವಾಗತ. ಆದರೆ ಹೇಳಿ ಬರಲಿ. ಒಂದು ಆಟೋಗೆ ಮೈಕು ಕಟ್ಟಿ, ಹಳಿ ಪಕ್ಕದ ಊರುಗಳಲ್ಲಿ ಎರಡು ದಿನ ಕೂಗಿಸಲಿ. ಅಡಿಕೆ ಸೊಸೈಟಿ ಬಾಗಿಲಿಗೆ ಒಂದು ಚೀಟಿ ಅಂಟಿಸಲಿ, ಅದರಲ್ಲಿ ದೋಟಿ ಅನ್ನುವ ಪದ ದಪ್ಪಕ್ಷರದಲ್ಲಿ ಇರಲಿ.

ನಾಳೆಯಿಂದ ನಮ್ಮಲ್ಲಿ ಕೊಯ್ಲು. ಹಳಿ ಪಕ್ಕದ ಎರಡು ಸಾಲು ಈ ಸಲ ಮುಟ್ಟಬೇಡಿ ಅಂತ ಕೊನೆಗೌಡರಿಗೆ ಹೇಳಿ ಬಂದಿದ್ದೇನೆ. ಹಣ್ಣಾಗಿ ಉದುರಲಿ, ಗೋಟಡಿಕೆ ಆರಿಸಿಕೊಂಡರಾಯಿತು.