ಕಣ್ಣಿನ ತೊಂದರೆಯನ್ನೂ ಆಟಿಸಂ ಲೆಕ್ಕಕ್ಕೆ ಬರೆಯಬೇಡಿ

ಮಗು ಟಿವಿಗೆ ಮೂಗು ತಾಗಿಸಿಕೊಂಡು ನಿಲ್ಲುತ್ತದೆ. ಆಟಿಸಂ. ತಲೆ ವಾಲಿಸಿ ಕಣ್ಣಂಚಿನಿಂದ ನೋಡುತ್ತದೆ. ಆಟಿಸಂ. ಮೆಟ್ಟಿಲು ಇಳಿಯೋಕೆ ಹೆದರಿ ಅಲ್ಲೇ ಕೂತುಬಿಡುತ್ತದೆ. ಅದೂ ಆಟಿಸಂ. (ಮಾತು, ಒಡನಾಟ, ನಡವಳಿಕೆ ಬೇರೆ ಥರ ಬೆಳೆಯುವ ಸ್ಥಿತಿಗೆ ಆ ಹೆಸರು.) ಡಾಕ್ಟರ್ ಒಂದು ಸಲ ಆ ಹೆಸರು ಬರೆದುಕೊಟ್ಟರೆ ಮುಗೀತು, ಆಮೇಲೆ ಮಗು ಏನೇ ಮಾಡಿದರೂ ಬೇರೆ ಕಾರಣ ಇರಬಹುದಾ ಅಂತ ಯಾರೂ ಕೇಳುವುದೇ ಇಲ್ಲ. ಮಕ್ಕಳ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಹೊಟ್ಟೆ ಉರಿದೇ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಆಟಿಸಂ ಇರುವ ಮಕ್ಕಳಲ್ಲಿ ಪವರ್ ದೋಷ, ಮೆಳ್ಳಗಣ್ಣು, ಸೋಮಾರಿ ಕಣ್ಣು (ಮಿದುಳು ಸರಿಯಾಗಿ ಬಳಸದೆ ದೃಷ್ಟಿ ಮಂಕಾದ ಕಣ್ಣು) ಬೇರೆ ಮಕ್ಕಳಿಗಿಂತ ಜಾಸ್ತಿ. ಇದು ಒಂದಲ್ಲ, ಹಲವು ಅಧ್ಯಯನಗಳಲ್ಲಿ ಕಂಡ ವಿಷಯ. ವಿಚಿತ್ರ ಏನೆಂದರೆ, ಪರೀಕ್ಷೆ ತಪ್ಪಿಹೋಗುವುದೂ ಇದೇ ಮಕ್ಕಳಿಗೆ. ಕೂರಲ್ಲ, ಚಾರ್ಟ್ ಓದಲ್ಲ, ಕಣ್ಣು ಮುಟ್ಟೋಕೆ ಬಿಡಲ್ಲ, ಹಾಗಾಗಿ ಮುಂದೆ ನೋಡೋಣ ಅಂತ ವಾಪಸ್ ಕಳಿಸುತ್ತಾರೆ. ಬೇರೆ ಮಗುವಾದರೆ ಬೋರ್ಡ್ ಕಾಣಿಸ್ತಿಲ್ಲ ಅಂತ ಒಂದು ದಿನ ಹೇಳಬಹುದು. ಮಾತೇ ಇಲ್ಲದ ಮಗು ಹೇಗೆ ಹೇಳಬೇಕು? ಮಾತು ಬಂದರೂ ಕಷ್ಟವೇ. ಹುಟ್ಟಿದಾಗಿನಿಂದ ಎಲ್ಲ ಮಸುಕಾಗಿ ಕಂಡಿದ್ದರೆ ಪ್ರಪಂಚ ಇರುವುದೇ ಹಾಗೆ ಅಂದುಕೊಂಡಿರುತ್ತದೆ.

"ನೆಲದ ಮೇಲಿರೋ ಸಣ್ಣ ದಾರದ ಎಳೆ ಕೂಡ ಹೆಕ್ತಾನೆ, ಕಣ್ಣು ಚೆನ್ನಾಗೇ ಇದೆ" ಅನ್ನುವ ಅಪ್ಪ ಅಮ್ಮಂದಿರು ತುಂಬಾ ಜನ. ಮೈನಸ್ ಪವರ್ ಇರುವ ಮಗು ಹತ್ತಿರದ ದಾರವನ್ನು ಆರಾಮಾಗಿ ಹೆಕ್ಕುತ್ತದೆ. ಅದಕ್ಕೆ ಕಾಣದಿರುವುದು ದೂರದ್ದು. (ಆಟಿಸಂ ಇರುವವರ ದೃಷ್ಟಿ ಹದ್ದಿನಷ್ಟು ಚುರುಕು ಅಂತ 2009ರಲ್ಲಿ ಒಂದು ಅಧ್ಯಯನ ಬಂದಿತ್ತು. ಅಳೆದ ವಿಧಾನವೇ ಸರಿಯಿಲ್ಲ ಅಂತ ಸ್ವಲ್ಪದರಲ್ಲೇ ಬೇರೆ ಸಂಶೋಧಕರು ತೋರಿಸಿಕೊಟ್ಟರು. ಹದ್ದಿನ ಕಥೆ ಮಾತ್ರ ಇನ್ನೂ ಹಾರಾಡುತ್ತಲೇ ಇದೆ.)

ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಆಟಿಸಂನ ಗುರುತುಗಳಲ್ಲಿ ಒಂದು, ನಿಜ. ಆದರೆ ಮೈನಸ್ 8 ಪವರ್ ಇರುವ ಕಣ್ಣಿಗೆ ಕನ್ನಡಕ ಇಲ್ಲದೆ ಸ್ಪಷ್ಟವಾಗಿ ಕಾಣುವುದು ಸುಮಾರು 12 ಸೆಂಟಿಮೀಟರ್ ತನಕ ಮಾತ್ರ. ಎದುರಿಗೆ ಕೂತ ಅಮ್ಮನ ಮುಖ ಅದರಾಚೆ ಇರುತ್ತದೆ. ಆ ಮಗು ಯಾರ ಕಣ್ಣನ್ನು ನೋಡಬೇಕು?

ಬಿಸಿಲಿಗೆ ಹೋದರೆ ಒಂದೇ ಕಣ್ಣು ಮುಚ್ಚಿಕೊಳ್ಳುವುದನ್ನೂ ಹೀಗೇ ನೋಡಿ. ಬೆಳಕು ಚುಚ್ಚುತ್ತಿರಬಹುದು. ಆಗಾಗ ಒಂದು ಕಣ್ಣು ಹೊರಗೆ ಸರಿಯುವ ಮೆಳ್ಳಗಣ್ಣಿನ ಮಕ್ಕಳೂ ಬಿಸಿಲಲ್ಲಿ ಇದನ್ನೇ ಮಾಡುತ್ತಾರೆ. ತಲೆ ವಾಲಿಸುವುದಕ್ಕೆ ಕಣ್ಣಿನ ಒಂದು ಸ್ನಾಯು ಸೋತಿರುವುದು ಕಾರಣ ಇರಬಹುದು. ಕೆಲವು ಮಕ್ಕಳ ಕಣ್ಣುಗುಡ್ಡೆ ಒಂದೇ ಸಮನೆ ಅಲುಗುತ್ತಿರುತ್ತದೆ. ಯಾವ ಕೋನದಲ್ಲಿ ಆ ಅಲುಗಾಟ ಕಮ್ಮಿಯೋ ಅಲ್ಲಿಗೆ ಅವರೇ ತಲೆ ತಿರುಗಿಸಿಕೊಂಡಿರುತ್ತಾರೆ. ಕಣ್ಣಂಚಿನಿಂದ ಸಾಲು ಗೆರೆ, ತಿರುಗುವ ಚಕ್ರ ನೋಡಿ ಖುಷಿಪಡುವುದು ಸುಮಾರು ಮಟ್ಟಿಗೆ ಆಟಿಸಂನದೇ. ಆದರೆ ಮನೆಯಲ್ಲಿ ಕೂತು ಯಾವುದು ಯಾವುದರಿಂದ ಅಂತ ಹೇಳೋಕೆ ಆಗಲ್ಲ. ನನಗೂ ಆಗಲ್ಲ, ಪರೀಕ್ಷೆ ಮಾಡದೆ.

ಒಂದು ಹುಡುಗಿ ನೆನಪಾಗುತ್ತಾಳೆ. ಐದು ವರ್ಷ ಇರಬೇಕು, ಮಾತಿಲ್ಲ. "ಮೇಡಂ, ಇವಳಿಗೆ ಮುಖ ಮುಟ್ಟಿದ್ರೆ ಆಗಲ್ಲ. ಸೆನ್ಸರಿ ಇಶ್ಯೂ ಅಂತ ಹೇಳಿದ್ದಾರೆ" ಅಂದರು ಅಮ್ಮ. ಕುರ್ಚಿಗೆ ಹತ್ತಿಸುವ ಗೋಜಿಗೇ ಹೋಗಲಿಲ್ಲ. ಇಬ್ಬರೂ ನೆಲದ ಮೇಲೆ ಕೂತೆವು. ಎಡಗಣ್ಣಿನ ಮುಂದೆ ಮುಟ್ಟದ ಹಾಗೆ ಅಂಗೈ ಅಡ್ಡ ಹಿಡಿದೆ. ಸುಮ್ನಿದ್ದಳು, ಬುಗುರಿ ನೋಡುತ್ತಲೇ ಇದ್ದಳು. ಬಲಗಣ್ಣಿಗೆ ಅಡ್ಡ ಹಿಡಿದ ತಕ್ಷಣ ಕಿರುಚಿ ಕೈ ತಳ್ಳಿದಳು. ಮತ್ತೆ ಎಡಕ್ಕೆ ಹಿಡಿದೆ, ಸುಮ್ನೆ. ಬಲಕ್ಕೆ ಹಿಡಿದೆ, ಕಿರುಚಾಟ. "ಮನೇಲೂ ಹೀಗೇನಾ? ಬಲಗಡೆ ಮಾತ್ರಾನಾ?" ಅಂದೆ. ಅಮ್ಮ ಸ್ವಲ್ಪ ಯೋಚಿಸಿ, "ಹೌದು ಮೇಡಂ, ತಲೆ ಬಾಚುವಾಗ ಕೂದಲು ಬಲಗಣ್ಣಿನ ಮೇಲೆ ಬಿದ್ರೆ ರಂಪ ಮಾಡ್ತಾಳೆ" ಅಂದರು. ಮುಟ್ಟುವುದೇ ತೊಂದರೆಯಾಗಿದ್ದರೆ ಎಡ ಬಲ ಅಂತ ಲೆಕ್ಕ ಇರುತ್ತಿರಲಿಲ್ಲ, ಅಲ್ವಾ? ಬಲಗಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದದ್ದೇ ಹೋಗುತ್ತಿತ್ತು. ಎಡಗಣ್ಣಿನಲ್ಲಿ ದೊಡ್ಡ ಪ್ಲಸ್ ಪವರ್ ಇತ್ತು, ಅಂದರೆ ಕನ್ನಡಕ ಇಲ್ಲದೆ ಎಲ್ಲ ಮಸುಕು, ಹತ್ತಿರದ್ದು ಇನ್ನೂ ಜಾಸ್ತಿ. ಆ ಕಣ್ಣು ಸೋಮಾರಿಯಾಗಿತ್ತು.

ಮಾತಾಡದ ಮಗುವಿನ ಪವರ್ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತೀರಿ. ರೆಟಿನೋಸ್ಕೋಪ್ ಅಂತ ಒಂದು ಉಪಕರಣ ಇದೆ, ಸಣ್ಣ ಟಾರ್ಚ್ ಥರ. ಕತ್ತಲೆ ಮಾಡಿ ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆಯೊಳಗೆ ಒಂದು ಕೆಂಪು ಹೊಳಪು ಕಾಣುತ್ತದೆ. ಬೆಳಕನ್ನು ಸರಿಸಿದಾಗ ಆ ಹೊಳಪು ಯಾವ ಕಡೆಗೆ ಓಡುತ್ತದೆ ಅಂತ ನೋಡಿ, ಅದು ಓಡುವುದು ನಿಲ್ಲುವ ತನಕ ಲೆನ್ಸ್ ಬದಲಿಸಿ ಹಿಡಿಯುತ್ತೇವೆ. ಮಗು ಒಂದು ಮಾತೂ ಆಡಬೇಕಾಗಿಲ್ಲ. ದೃಷ್ಟಿ ಎಷ್ಟಿದೆ ಅಂತ ನೋಡೋಕೆ ಪಟ್ಟೆ ಪಟ್ಟೆ ಕಾರ್ಡುಗಳಿವೆ. ಕಂಡರೆ ಮಗುವಿನ ಕಣ್ಣು ತಾನಾಗಿ ಪಟ್ಟೆಯ ಕಡೆ ಹೋಗುತ್ತದೆ. ಫಿನ್ಲೆಂಡಿನ ಕಣ್ಣಿನ ವೈದ್ಯೆ ಲೀ ಹೈವಾರಿನೆನ್ 1976ರಲ್ಲಿ ಮಾಡಿದ ಚಿತ್ರದ ಚಾರ್ಟ್ ಇದೆ: ಸೇಬು, ಮನೆ, ಚೌಕ, ವೃತ್ತ. ಹೆಸರು ಹೇಳುವುದು ಬೇಡ, ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರ ತೋರಿಸಿದರೆ ಸಾಕು. ಹಾಗಾಗಿ "ಇವನು ಅಕ್ಷರ ಕಲಿತ ಮೇಲೆ ಕರ್ಕೊಂಡು ಬನ್ನಿ" ಅಂತ ಯಾರಾದರೂ ಅಂದರೆ ಬೇರೆ ಕಡೆ ಹೋಗಿ. ಸೋಮಾರಿ ಕಣ್ಣಿಗೆ ಚಿಕಿತ್ಸೆ ಚೆನ್ನಾಗಿ ಹಿಡಿಯುವುದು ಸುಮಾರು 7 ವರ್ಷದ ಒಳಗೆ. ಆಮೇಲೆ ಫಲ ಕಮ್ಮಿಯಾಗುತ್ತಾ ಹೋಗುತ್ತದೆ.

ಕಷ್ಟ ಇರುವುದು ಪವರ್ ನೋಡುವ ಮೊದಲು ಕಣ್ಣಿಗೆ ಹಾಕುವ ಡ್ರಾಪ್ಸ್‌ನಲ್ಲಿ. ಉರಿಯುತ್ತದೆ, ಆದರೆ ಬಿಡೋಕಾಗಲ್ಲ. ಮಕ್ಕಳ ಕಣ್ಣು ಒಳಗಿಂದಲೇ ಫೋಕಸ್ ಹೊಂದಿಸಿಕೊಂಡು ಪ್ಲಸ್ ಪವರನ್ನು ಬಚ್ಚಿಟ್ಟುಕೊಳ್ಳುತ್ತದೆ. ಡ್ರಾಪ್ಸ್ ಹಾಕಿದರೇ ಅದು ಹೊರಗೆ ಬರುವುದು. ಪಾಪೆ ಅಗಲ ಆಗಿ, ಮೊದಲೇ ಬೆಳಕು ತಡೆಯದ ಮಗುವಿಗೆ ಆ ದಿನ ನರಕ. ಯಾವ ಡ್ರಾಪ್ಸ್ ಅಂತ ಕೇಳಿಕೊಳ್ಳಿ. ಕೆಲವು ಒಂದು ದಿನದಲ್ಲಿ ಇಳಿಯುತ್ತವೆ, ಅಟ್ರೋಪಿನ್ ಆದರೆ ವಾರ ದಾಟಿಯೂ ಇರಬಹುದು. ಟೋಪಿ, ಕಪ್ಪು ಕನ್ನಡಕ ಜೊತೆಗಿರಲಿ. ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಏನೂ ಮಾಡದೆ ಸುಮ್ನೆ ಕೋಣೆ ತೋರಿಸಿಕೊಂಡು ಹೋಗುವ ಒಂದು ಭೇಟಿ ಕೊಡ್ತೀರಾ ಅಂತಲೂ ಕೇಳಿ. ಬಾಗಿಲಲ್ಲಿ ಅತ್ತು ವಾಪಸ್ ಹೋಗುವುದಕ್ಕಿಂತ ಅದು ಎಷ್ಟೋ ವಾಸಿ. ಕಣ್ಣು ಪರೀಕ್ಷೆ ಮಾಡುವ ನಮ್ಮವರಿಗೂ ಒಂದು ಮಾತು: ಮಗುವನ್ನು ಬಟ್ಟೆಯಲ್ಲಿ ಸುತ್ತಿ, ನಾಲ್ಕು ಜನ ಹಿಡಿದು ಪರೀಕ್ಷೆ ಮಾಡಿದರೆ ಅವತ್ತು ಕೆಲಸ ಆಗಬಹುದು. ಮುಂದಿನ ಸಲ ಆ ಮಗು ಗೇಟಿನ ಒಳಗೇ ಬರಲ್ಲ.

ಇನ್ನು ಕನ್ನಡಕ. ಮಗು ಕಿತ್ತು ಬಿಸಾಕಿದರೆ ಹಠ ಅನ್ನಬೇಡಿ. ಕಿವಿ ಹಿಂದೆ ಒತ್ತುತ್ತಿರಬಹುದು, ಮೂಗಿನ ಮೇಲೆ ಜಾರುತ್ತಿರಬಹುದು, ಹೊಸ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿರಬಹುದು. ಲೋಹದ ತುಂಡಿಲ್ಲದ, ಬಾಗುವ ಒಂದೇ ಅಚ್ಚಿನ ಫ್ರೇಮ್, ಹಿಂದೆ ಪಟ್ಟಿ ಇರುವಂಥದ್ದು ಸಿಗುತ್ತದೆ. ಮಗುವಿಗೆ ಅತಿ ಇಷ್ಟವಾದ ಆಟದ ಹೊತ್ತಲ್ಲಿ ಸ್ವಲ್ಪ ಹಾಕಿ, ಅದು ತೆಗೆಯುವ ಮೊದಲು ನೀವೇ ತೆಗೆಯಿರಿ. ಸೋಮಾರಿ ಕಣ್ಣಿನ ಚಿಕಿತ್ಸೆಗೆ ಚೆನ್ನಾಗಿರುವ ಕಣ್ಣಿನ ಮೇಲೆ ಪಟ್ಟಿ ಅಂಟಿಸೋಕೆ ಬಿಡದಿದ್ದರೆ, ಅದೇ ಚೆನ್ನಾಗಿರುವ ಕಣ್ಣಿಗೆ ಅಟ್ರೋಪಿನ್ ಡ್ರಾಪ್ಸ್ ಹಾಕಿ ಮಸುಕು ಮಾಡುವ ದಾರಿಯೂ ಇದೆ. ಡಾಕ್ಟರ ಹತ್ತಿರ ಕೇಳಿ.

ಊಟದ ವಿಷಯವನ್ನು ಕಣ್ಣಿನ ಡಾಕ್ಟರಿಗೆ ಯಾರೂ ಹೇಳುವುದಿಲ್ಲ, ದಯವಿಟ್ಟು ಹೇಳಿ. ಎರಡು ಮೂರು ಬಗೆಯ ಗರಿಗರಿ ತಿಂಡಿ ಬಿಟ್ಟು ಬೇರೇನೂ ಬಾಯಿಗಿಡದ ಮಕ್ಕಳಿದ್ದಾರೆ. ಹಾಗೆ ವರ್ಷಗಟ್ಟಲೆ ನಡೆದು, ಎ ವಿಟಮಿನ್ ಕೊರತೆಯಿಂದ ಕಣ್ಣು ಒಣಗಿ, ಇರುಳುಗುರುಡು ಬಂದು, ದೃಷ್ಟಿಯೇ ಹೋದ ಮಕ್ಕಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳಿವೆ. ಸಂಜೆಯಾದರೆ ಮಗು ಗೋಡೆ ಹಿಡಿದು ನಡೆಯುತ್ತಿದ್ದರೆ ಕಾಯಬೇಡಿ. ಕಣ್ಣಿಗೆ ಬೆರಳು ಒತ್ತಿಕೊಳ್ಳುವುದು, ತಲೆ ಚಚ್ಚಿಕೊಳ್ಳುವುದು ಇದ್ದರೂ ಅಷ್ಟೇ. ಅದರಿಂದ ಕಣ್ಣಿನ ಹಿಂದಿನ ಪರದೆ, ರೆಟಿನಾ, ಕಿತ್ತುಬರುವ ಅಪಾಯ ಇದೆ.

ಇಷ್ಟೆಲ್ಲ ಹೇಳಿದೆ ಅಂತ ಬೆಳಕಿನ ಹಿಂಸೆ ಸುಳ್ಳು ಅಂತಲ್ಲ. ಕಣ್ಣು ಪೂರ್ತಿ ಸರಿ ಇದ್ದೂ ಬೆಳಕು, ಬಣ್ಣ, ಜನಜಂಗುಳಿ ತಡೆಯದ ಮಕ್ಕಳು ಬಹಳ. ಆಟಿಸಂ ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲೇ ಇದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದೆ. 50 ಹರ್ಟ್ಜ್ ಕರೆಂಟಿನಲ್ಲಿ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮಗೆ ಗೊತ್ತೇ ಆಗಲ್ಲ, ಕೆಲವರಿಗೆ ತಡೆಯೋಕಾಗಲ್ಲ. ಕ್ಲಾಸಿನ ನಾಲ್ಕೂ ಗೋಡೆಗೆ ಚಾರ್ಟ್ ಅಂಟಿಸಿ, ಆ ಟ್ಯೂಬಿನ ಕೆಳಗೆ ಮಗುವನ್ನು ಕೂರಿಸಿ, ಗಮನ ಇಲ್ಲ ಅಂತ ಡೈರಿಯಲ್ಲಿ ಬರೆದರೆ ಹೇಗೆ? ಜಾಗ ಬದಲಿಸಿ ನೋಡಿ, ಅದಕ್ಕೇನೂ ಖರ್ಚಿಲ್ಲ.

ಖರ್ಚು ಅಂದಾಗ ನೆನಪಾಯಿತು. ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ವ್ಯಾಯಾಮದ ಪ್ಯಾಕೇಜ್ ಮಾರುವವರು ಈಗ ಜಾಸ್ತಿಯಾಗಿದ್ದಾರೆ. ಬೆಳಕು ಚುಚ್ಚುವ ಮಗುವಿಗೆ ಬಣ್ಣದ ಗಾಜಿನಿಂದ ಆರಾಮ ಅನಿಸಿದರೆ ಹಾಕಲಿ, ನನ್ನ ತಕರಾರಿಲ್ಲ. ಓದು ಸುಧಾರಿಸುತ್ತದೆ, ಮಾತು ಬರುತ್ತದೆ ಅಂದರೆ ಮಾತ್ರ ಹುಷಾರು. ಓದಿನ ತೊಂದರೆಗೆ ಇವುಗಳಿಂದ ಉಪಯೋಗ ಇದೆ ಅನ್ನೋಕೆ ಸರಿಯಾದ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಕಣ್ಣಿನ ವೈದ್ಯರ ಅಕಾಡೆಮಿ ಸೇರಿ 2009ರಲ್ಲೇ ಹೇಳಿವೆ. ಅಂಥ ಕಡೆ ಹೋದರೆ ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಡ್ರಾಪ್ಸ್ ಹಾಕಿಸಿ ಪವರ್ ನೋಡಿದ್ದೀರಾ? ಅದೆಲ್ಲ ಬೇಕಾಗಲ್ಲ ಅಂದರೆ ಎದ್ದು ಬನ್ನಿ.