ಅಳತೆಯೇ ಮಾಡದೆ ಇಂಜಿನ್ ಸತ್ತಿದೆ ಅಂತ ಹೇಗ್ರೀ ಹೇಳ್ತೀರಾ?

ಮೂರು ಗ್ಯಾರೇಜ್ ಸುತ್ತಿದೆ. ಮೂರು ಕಡೆ ಮೂರು ಮಾತು. ಒಬ್ಬರಾದರೂ ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯೋ ಮೀಟರು) ಕೈಗೆ ತಗೊಂಡಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆ, ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ, ಏರು ಬಂದರೆ ಎಳೆಯೋದಿಲ್ಲ. ಇಷ್ಟು ಹೇಳಿದ್ದೇ ತಡ, ಮೊದಲನೆಯವರು ಬಾನೆಟ್ ಎತ್ತಿ, ಒಂದು ಸಲ ರೇಸ್ ಮಾಡಿಸಿ, "ಇಂಜಿನ್ ಹೋಗಿದೆ ಸಾರ್, ಬೇರೆ ಇಂಜಿನ್ ಕೂರಿಸಿಬಿಡಿ" ಅಂದರು. ಎರಡು ನಿಮಿಷವೂ ಆಗಿರಲಿಲ್ಲ! ಎರಡನೆಯವರು ಪಿಸ್ಟನ್ ಸುತ್ತ ಇರೋ ರಿಂಗ್ ಹೊಸದು ಹಾಕಿದರೆ ಸಾಕು ಅಂದರು. ಬೋರ್, ಅಂದರೆ ಪಿಸ್ಟನ್ ಓಡಾಡೋ ಸಿಲಿಂಡರಿನ ತೂತು, ಅದರ ಅಳತೆ ನೋಡಲ್ವಾ ಅಂದರೆ, "ಅದೆಲ್ಲ ಯಾಕೆ, ನಾನಿದ್ದೀನಲ್ಲ" ಅಂತಾರೆ. ಸವೆದು ಮೊಟ್ಟೆಯಾಕಾರ ಆಗಿರೋ ಬೋರಿಗೆ ಹೊಸ ರಿಂಗ್ ಹಾಕಿದರೆ ಅದು ಸರಿಯಾಗಿ ಕೂರುತ್ತಾ? ಮೂರನೆಯವರು ಮೀಟರಿನಲ್ಲಿ ಕಿಲೋಮೀಟರ್ ನೋಡಿಯೇ ಫುಲ್ ಇಂಜಿನ್ ಕೆಲಸ ಅಂದುಬಿಟ್ಟರು.

ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ ಅಂತ, ಅಷ್ಟೇ. ಅದು ರಿಂಗಿನಿಂದಲೂ ಇರಬಹುದು, ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದ ಹಾಗೆ ತಡೆಯೋ ವಾಲ್ವ್ ಸೀಲ್ ಗಟ್ಟಿಯಾಗಿರೋದರಿಂದಲೂ ಇರಬಹುದು. ಸೀಲ್ ಮಾತ್ರ ಹೋಗಿದ್ದರೆ ಇಂಜಿನ್ ಕೆಳಗೆ ಇಳಿಸೋ ಮಾತೇ ಇಲ್ಲ.

ಕೊನೆಗೆ ನಾನೇ ಒಂದು ಗೇಜ್ ತಂದೆ. ಪ್ಲಗ್ ಬಿಚ್ಚಿದಾಗ ಮೂರನೇದು ಆಯಿಲಿನಲ್ಲಿ ಅದ್ದಿ ತೆಗೆದ ಹಾಗೆ ಕರ್ರಗೆ ಒದ್ದೆಯಾಗಿತ್ತು. ಗೇಜಿನಲ್ಲಿ ಒಂದನೇ ಸಿಲಿಂಡರಿನ ಒತ್ತಡ 170 ಪಿಎಸ್ಐ (ಒತ್ತಡ ಅಳೆಯೋ ಮಾನ), ಎರಡನೇದು 165, ನಾಲ್ಕನೇದು 168. ಮೂರನೇದು 105! ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ, 150ಕ್ಕೆ ಏರಿತು. ಆಯಿಲ್ ರಿಂಗಿನ ಸಂದು ಮುಚ್ಚಿದ್ದಕ್ಕೇ ಏರಿದ್ದು, ಅಂದರೆ ಸೋರಿಕೆ ಇರೋದು ರಿಂಗ್, ಬೋರ್ ಕಡೆ. ಏರದೆ ಇದ್ದಿದ್ದರೆ ವಾಲ್ವನ್ನೋ, ಇಂಜಿನ್ನಿನ ಮೇಲ್ಭಾಗವಾದ ಹೆಡ್‌ಗೂ ಬ್ಲಾಕಿಗೂ ನಡುವೆ ಇರೋ ಹೆಡ್ ಗ್ಯಾಸ್ಕೆಟನ್ನೋ ಅನುಮಾನಿಸಬೇಕಿತ್ತು. ಏನೂ ಅಭ್ಯಾಸ ಇಲ್ಲದ ನನಗೇ ಒಂದು ಗಂಟೆ ಹಿಡಿಯಿತು. ದಿನಾ ಇದೇ ಕೆಲಸ ಮಾಡೋರಿಗೆ ಎಷ್ಟು ಹೊತ್ತಿನ ಮಾತು ಅದು?

ಇಂಜಿನ್ ಬದಲಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ಗ್ರೈಂಡ್ ಮಾಡೋಕೂ ಆಗದಷ್ಟು ಸವೆದಿದ್ದರೆ ಬದಲಿಸಲೇಬೇಕು. ಆದರೆ ಬೋರ್ ಸವೆತದ ಲಿಮಿಟ್ ಒಳಗಿದ್ದರೆ ಹೋನಿಂಗ್ ಮಾಡಿ (ಒಳಗೋಡೆಯನ್ನ ಹಗುರಾಗಿ ಉಜ್ಜಿ) ರಿಂಗ್ ಹಾಕಿದರೆ ಆಯಿತು. ದಾಟಿದ್ದರೆ 0.25 ಅಥವಾ 0.50 ಮಿಲಿಮೀಟರ್ ಬೋರ್ ದೊಡ್ಡದು ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಯಾವುದು ಬೇಕು ಅಂತ ಅಳೆಯದೆ ಹೇಗೆ ಗೊತ್ತಾಗುತ್ತೆ?

ಬದಲಿ ಇಂಜಿನ್ ಕಥೆ ಇನ್ನೂ ಚೆನ್ನಾಗಿದೆ. ಮೊದಲನೆಯವರು "ಕಡಿಮೆ ಓಡಿರೋದು" ಅಂತ ಒಂದು ಹಳೇ ಇಂಜಿನ್ ತೋರಿಸಿದರು. ಆಯಿಲ್ ಮುಚ್ಚಳ ತಿರುಗಿಸಿದೆ. ಒಳಗೆ ಟಾರಿನ ಹಾಗೆ ಕಪ್ಪು ಗಸಿ, ಬೆರಳಿಗೆ ಅಂಟಿದ್ದು ಒರೆಸಿದರೂ ಹೋಗಲಿಲ್ಲ. ಕಂಪ್ರೆಷನ್ ತೋರಿಸಿ ಅಂದರೆ, ಇಳಿಸಿಟ್ಟ ಇಂಜಿನ್‌ಗೆ ಹೇಗೆ ನೋಡೋದು ಅಂತ ನನ್ನನ್ನೇ ಕೇಳ್ತಾರೆ. ಸ್ಟಾರ್ಟರ್ ಇದ್ದು ಬ್ಯಾಟರಿ ಕೊಟ್ಟರೆ ನೆಲದ ಮೇಲೂ ನೋಡಬಹುದಲ್ವಾ? ನನ್ನ ಸವೆದ ಇಂಜಿನ್ ಕೊಟ್ಟು ಇನ್ಯಾರದೋ ಸವೆದ ಇಂಜಿನ್ ಯಾಕೆ ತಗೊಳ್ಳಲಿ?

ಈಗ ಕಾರು ನಾಲ್ಕನೇ ಗ್ಯಾರೇಜಿನಲ್ಲಿದೆ. ಹೆಡ್ ಬಿಚ್ಚಿ, ನಾಲ್ಕೂ ಬೋರನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದುಕೊಡಿ ಅಂದೆ. "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ಆ ಚೀಟಿ ನನ್ನ ಕೈಗೆ ಬರೋವರೆಗೂ ಇಂಜಿನ್ ಇಳಿಸೋಕೆ ಬಿಡಲ್ಲ.