ಒಪ್ಪುತ್ತೇನೆ, ಹಾಕಿ ನಾಮ

ಅಕ್ಕನ ಮಗಳು ಮನಃಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಮೂವತ್ತು ಮಂದಿ ವಯಸ್ಸಾದವರ ಬಳಿ ಹೋಗಿ, ‘ನಿಮಗೆ ಒಂಟಿತನ ಕಾಡುತ್ತದೆಯೇ?’ ಎಂದು ಕೇಳಿ ಬರೆದುಕೊಂಡು ಬರುವುದು ಅವಳ ಪ್ರಬಂಧದ ಕೆಲಸ. ನಮ್ಮ ಬೀದಿಯಲ್ಲಿ ಈ ಪ್ರಶ್ನೆಯನ್ನು ತರಕಾರಿಯವನೂ ಕೇಳುತ್ತಾನೆ. ಅವನಿಗೆ ಯಾರ ಅಪ್ಪಣೆಯೂ ಬೇಡ. ಇವಳಿಗೆ ನೈತಿಕ ಸಮಿತಿಯ, ಅಂದರೆ ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವವರ, ಅಪ್ಪಣೆ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅಂಥ ಸಮಿತಿಯಲ್ಲಿ ಏಳರಿಂದ ಹದಿನೈದು ಮಂದಿ ಇರಬೇಕು: ವೈದ್ಯರು, ಕಾನೂನು ಬಲ್ಲವರು, ಸಮಾಜಶಾಸ್ತ್ರದವರೋ ತತ್ವಶಾಸ್ತ್ರದವರೋ ಒಬ್ಬರು, ಜೊತೆಗೆ ಇದಾವುದರ ಗಂಧವೂ ಇಲ್ಲದ ಒಬ್ಬ ಸಾಮಾನ್ಯ ಮನುಷ್ಯ. (ಆ ಕೊನೆಯ ಸ್ಥಾನಕ್ಕೆ ನನ್ನಷ್ಟು ಅರ್ಹರು ಸಿಗುವುದು ಕಷ್ಟ.) ಸಮಿತಿ ಕೇಳಿದ್ದು ಒಂದೆರಡಲ್ಲ. ಪ್ರಶ್ನೆ ಕೇಳಿದ ಮೇಲೆ ಅಜ್ಜಿ ಅತ್ತರೆ ಏನು ಮಾಡುತ್ತೀರಿ? ಉತ್ತರದ ಹಾಳೆಗಳನ್ನು ಎಲ್ಲಿಡುತ್ತೀರಿ? ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಹುಡುಗಿ ಬರೆದು ಬರೆದು ಸುಸ್ತಾದಳು. ಬೀಗದ ಕೈ ಈಗ ನಮ್ಮ ದೇವರ ಮನೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕದಲ್ಲಿದೆ.

ನಗುವ ಮೊದಲು ಒಂದು ಮಾತು. ಈ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ವ್ಯಾಟ್ಸನ್ ಎಂಬ ಪ್ರೊಫೆಸರು ಹನ್ನೊಂದು ತಿಂಗಳ ಕೂಸಿನ ಮುಂದೆ ಬಿಳಿ ಇಲಿಯನ್ನು ಬಿಟ್ಟರು. ಕೂಸು ಅದನ್ನು ಮುಟ್ಟಹೋದಾಗ ಕೂಸಿನ ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿಸಿದರು. ಸ್ವಲ್ಪ ದಿನದಲ್ಲೇ ಕೂಸು ಇಲಿಯನ್ನು ಕಂಡರೂ ಅತ್ತಿತು, ಮೊಲವನ್ನು ಕಂಡರೂ ಅತ್ತಿತು. 1920ರಲ್ಲಿ ಪ್ರಬಂಧ ಅಚ್ಚಾಯಿತು, ಕೂಸಿನ ಹೆದರಿಕೆ ಬಿಡಿಸುವ ಕೆಲಸ ಮಾತ್ರ ಉಳಿದೇ ಹೋಯಿತು. ನಮ್ಮವರಾಗಿದ್ದರೆ ಒಂದು ತಾಯತವನ್ನಾದರೂ ಕಟ್ಟಿಸುತ್ತಿದ್ದರು.

ಹಾಗಾಗಿ ನಿಯಮ ಬೇಕು, ಸರಿ. ಆದರೆ ಇಲಿಗೆ ಬೋನು ಇಟ್ಟವರು ಹೆಗ್ಗಣ ಬರುವ ಬಾಗಿಲನ್ನು ತೆರೆದೇ ಇಟ್ಟಿದ್ದರು. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ ಕಂಪನಿಯು 6,89,003 ಬಳಕೆದಾರರ ಮೇಲೆ ಒಂದು ಪ್ರಯೋಗ ಮಾಡಿತು. ಕೆಲವರಿಗೆ ಸ್ನೇಹಿತರ ಸಂತೋಷದ ಮಾತುಗಳನ್ನು ಕಡಿಮೆ ತೋರಿಸಿತು, ಕೆಲವರಿಗೆ ದುಃಖದ ಮಾತುಗಳನ್ನು. ಮನಸ್ಸು ಕೆಡುತ್ತದೆಯೋ ಇಲ್ಲವೋ ಎಂಬುದೇ ಪರೀಕ್ಷೆ. ಅವರಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. 2014ರಲ್ಲಿ ಪ್ರಬಂಧ ಹೊರಬಂದಾಗ ಜನ ಸಿಟ್ಟಿಗೆದ್ದರು. ಒಪ್ಪಿಗೆ ಎಲ್ಲಿ ಎಂದರೆ, ಖಾತೆ ತೆರೆಯುವಾಗ ಷರತ್ತುಗಳಿಗೆ ‘ಒಪ್ಪುತ್ತೇನೆ’ ಎಂದು ಒತ್ತಿದ್ದರಲ್ಲ, ಅದೇ ಒಪ್ಪಿಗೆಯಂತೆ! ಆ ಷರತ್ತುಗಳಲ್ಲಿ ‘ಸಂಶೋಧನೆ’ ಎಂಬ ಪದ ಸೇರಿದ್ದು 2012ರ ಮೇ ತಿಂಗಳಲ್ಲಿ, ಅಂದರೆ ಪ್ರಯೋಗ ಮುಗಿದು ನಾಲ್ಕು ತಿಂಗಳಾದ ಮೇಲೆ. ತಾಳಿ ಕಟ್ಟಿ ಮುಗಿಸಿ ಹೆಣ್ಣು ನೋಡಲು ಬಂದ ಹಾಗೆ. ಕೈಜೋಡಿಸಿದ್ದ ಕಾರ್ನೆಲ್ ವಿಶ್ವವಿದ್ಯಾಲಯವಾದರೋ, ದತ್ತಾಂಶ ಸಂಗ್ರಹಿಸಿದ್ದು ಕಂಪನಿ, ಆದ್ದರಿಂದ ನಮ್ಮ ಸಮಿತಿ ಅದನ್ನು ಪರಿಶೀಲಿಸಬೇಕಾಗಿಲ್ಲ ಎಂದುಬಿಟ್ಟಿತು. ಪ್ರಕಟಿಸಿದ ಪತ್ರಿಕೆ ‘ಕಳವಳ’ ವ್ಯಕ್ತಪಡಿಸಿತು, ಪ್ರಬಂಧವನ್ನು ಹಿಂತೆಗೆಯಲಿಲ್ಲ. ಏಳು ಲಕ್ಷ ಜನರ ಬೀಗದ ಕೈ ಯಾವ ದೇವರ ಮನೆಯಲ್ಲಿದೆ ಎಂದು ಯಾವ ಸಮಿತಿಯೂ ಕೇಳಲಿಲ್ಲ.

ಇನ್ನು ದತ್ತಾಂಶದ ಜಾತಿ. 1946ರಲ್ಲಿ ಸ್ಟೀವನ್ಸ್ ಎಂಬ ಮನಃಶಾಸ್ತ್ರಜ್ಞ ಅಳತೆಗಳನ್ನು ನಾಲ್ಕಾಗಿ ವಿಂಗಡಿಸಿದ. ಕೊನೆಯ ಎರಡು ತಾಪಮಾನ, ತೂಕ ಮುಂತಾದ ಗಟ್ಟಿ ಸಂಗತಿಗಳಿಗೆ. ನಮಗೆ ಬೇಕಾದವು ಮೊದಲ ಎರಡು. ಒಂದು, ಹೆಸರಿಗಷ್ಟೇ ಇರುವ ನಾಮ, ಬಸ್ಸಿನ ಮಾರ್ಗದ ಸಂಖ್ಯೆಯ ಹಾಗೆ. ಮತ್ತೊಂದು ಕ್ರಮ: ಯಾರು ಮುಂದೆ, ಯಾರು ಹಿಂದೆ ಎಂದಷ್ಟೇ ಹೇಳುತ್ತದೆ, ಎಷ್ಟು ಹಿಂದೆ ಎಂದು ಹೇಳುವುದಿಲ್ಲ. ‘ಸ್ವಲ್ಪ ಒಪ್ಪುತ್ತೇನೆ’ಗೆ ನಾಲ್ಕು, ‘ಪೂರ್ತಿ ಒಪ್ಪುತ್ತೇನೆ’ಗೆ ಐದು ಎಂಬ ಪ್ರಶ್ನಾವಳಿ ಈ ಎರಡನೆಯ ಜಾತಿಯದು. ಅದನ್ನು ಕೂಡಿಸಿ ಭಾಗಿಸಬಾರದು ಎಂದು ತರಗತಿಯಲ್ಲಿ ಪಾಠ ಮಾಡುತ್ತಾರೆ, ಪ್ರಬಂಧದಲ್ಲಿ ಸರಾಸರಿ ಎಲ್ಲಿ ಎಂದು ಕೇಳುತ್ತಾರೆ. ಕನ್ನಡದಲ್ಲಿ ನಾಮವನ್ನು ಇಡುವುದೂ ಉಂಟು, ಹಾಕುವುದೂ ಉಂಟು. ಸ್ಟೀವನ್ಸನಿಗೆ ಕನ್ನಡ ಬರುತ್ತಿದ್ದರೆ ಐದನೆಯ ಜಾತಿಯೊಂದು ಹೊಳೆಯುತ್ತಿತ್ತೇನೋ.

ಮೊನ್ನೆ ಅವಳು ಎದುರುಮನೆಯ ಅಜ್ಜಿಯ ಬಳಿಗೆ ಹೋದಾಗ ನಾನೂ ಜೊತೆಗಿದ್ದೆ. ಒಪ್ಪಿಗೆ ಪತ್ರ ನಾಲ್ಕು ಪುಟ. ಅಜ್ಜಿ ಕನ್ನಡಕ ತೆಗೆದಿಟ್ಟು, “ಸಹಿಯಾ? ನನ್ನ ಎರಡು ಎಕರೆ ಹೋಗಿದ್ದು ಇಂಥದ್ದೇ ಒಂದು ಕಾಗದದಲ್ಲಿ ಕಣಮ್ಮಾ,” ಎಂದರು. ಅಷ್ಟರಲ್ಲಿ ಅವರ ಮೊಬೈಲಿನಲ್ಲಿ ರಂಗೋಲಿಯ ಆ್ಯಪ್ ಏನೋ ಕೇಳಿತು. ಫೋಟೊ, ಫೋನ್ ನಂಬರು, ಇರುವ ಜಾಗ ಎಲ್ಲವನ್ನೂ ಕೊಡುವುದಕ್ಕೆ ಅಜ್ಜಿ ಹೆಬ್ಬೆರಳಿನಿಂದ ಟಪಟಪನೆ ಒಪ್ಪಿದರು. ಆಮೇಲೆ ನನ್ನ ಮುಖ ನೋಡಿ, ಕಾಗದಕ್ಕೂ ಸಹಿ ಮಾಡಿದರು.

“ಒಂಟಿತನ ಎಷ್ಟು ಅಜ್ಜಿ, ಒಂದರಿಂದ ಐದರಲ್ಲಿ?”

ಅಜ್ಜಿ ಗೋಡೆ ಗಡಿಯಾರದ ಕಡೆ ನೋಡಿದರು. “ಮೂರು,” ಎಂದವರೇ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

ಹುಡುಗಿ ಮೂರನ್ನು ಬರೆದುಕೊಂಡಳು. ಮೂರು ಎಂದರೆ ‘ತಟಸ್ಥ’. ಮೂವತ್ತು ಮಂದಿಯ ಸರಾಸರಿ 3.4 ಬಂದಿದೆಯಂತೆ, ಮಾರ್ಗದರ್ಶಕರಿಗೆ ಬಹಳ ಖುಷಿಯಾಗಿದೆಯಂತೆ.